ಕಸದ ಗಾಡಿಯಲ್ಲಿ ಬಂದ ಗ್ರಂಥಾಲಯದ ಸುದ್ದಿ

ಗುರುವಾರ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಜಗಲಿಯ ತುಂಬ ಜನ ಕೂತಿದ್ದರು. ಕಂಕುಳಲ್ಲಿ ಮಕ್ಕಳು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಗ್ರಂಥಪಾಲಕ ತಿಮ್ಮರಾಜುವಿಗೆ ತನ್ನ ಜೇಬಿನಲ್ಲೇ ಇದ್ದ ಬೀಗದ ಕೈ ಸಿಗಲಿಲ್ಲ.

"ಏನ್ ಮೇಷ್ಟ್ರೇ, ಆಧಾರ್ ಮಾಡೋರು ಇನ್ನೂ ಬಂದಿಲ್ವಾ?" ಎಂದಳು ಭೂತಮ್ಮ. ಕೊಬ್ಬರಿ ಸುಲಿಯುವ ಕೆಲಸ ಬಿಟ್ಟು ತೋಟದ ಹಟ್ಟಿಯಿಂದ ನಡೆದು ಬಂದಿದ್ದಳು. ಫೋಟೊಗೆಂದು ಮೊಮ್ಮಗಳ ಮುಖಕ್ಕೆ ಪೌಡರು ಬಳಿದಿದ್ದಳು.

"ಶಿಬಿರ ನಿನ್ನೇನೇ ಮುಗೀತು ಕಣಮ್ಮ."

"ನಿನ್ನೆ? ಕಸದ ಗಾಡೀಲಿ ಗುರುವಾರ ಅಂತ ಕೂಗ್ತಲ್ಲಪ್ಪ!"

ನೊಣವಿನಕೆರೆಯಿಂದಾಚೆಗಿನ ಆ ಊರಿನಲ್ಲಿ ಪೇಪರು ಎಲ್ಲರ ಮನೆಗೂ ಹೋಗುವುದಿಲ್ಲ, ಕಸದ ಗಾಡಿ ಹೋಗುತ್ತದೆ. ಹಾಗಾಗಿ ಗ್ರಂಥಾಲಯದ ಸುದ್ದಿಯೂ ಅದರಲ್ಲೇ ಸವಾರಿ ಮಾಡುತ್ತದೆ. ಸ್ಕಾಲರ್‌ಶಿಪ್‌ಗೆ ಕೊನೆಯ ದಿನ, ಪಿಂಚಣಿಗೆ ಬೇಕಾದ ದಾಖಲೆ, ಮಕ್ಕಳ ಕಥೆಯ ಹೊತ್ತು, ಎಲ್ಲವನ್ನೂ ತಿಮ್ಮರಾಜು ಪೆನ್‌ಡ್ರೈವಿಗೆ ತುಂಬಿಕೊಡುತ್ತಾನೆ. ಗಾಡಿ ಓಡಿಸುವ ಪವಿತ್ರಾ ಅದನ್ನು ಬೀದಿಬೀದಿಗೆ ಕೇಳಿಸುತ್ತಾಳೆ. ಒಣಕಸದ ಜೊತೆಗೆ ಜ್ಞಾನ.

ಅದೇ ಹೊತ್ತಿಗೆ ಗಾಡಿ ತಿರುವಿನಲ್ಲಿ ಕಾಣಿಸಿತು. ಜನ ಮುತ್ತಿಕೊಂಡರು.

"ಏನವ್ವ, ಬಾಯಿಗೆ ಬಂದಂಗೆ ಕೂಗಿಸ್ಕಂಡ್ ಹೋಗ್ತೀಯಾ? ನಮ್ ಕೂಲಿ ಹೋಯ್ತಲ್ಲ!"

ಪವಿತ್ರಾ ಗಾಡಿ ಆಫ್ ಮಾಡಿದಳು. ಹಸಿರು ಕೋಟಿನ ತೋಳು ಮಡಚುತ್ತ, ಜನರ ತಲೆಗಳ ಮೇಲಿಂದ ಒಮ್ಮೆ ತಿಮ್ಮರಾಜುವನ್ನು ನೋಡಿದಳು. ಬೈದ ನೋಟವಲ್ಲ. ಈಗ ನೀವು ಏನಾದರೂ ಹೇಳುತ್ತೀರಿ ಎಂದು ನಂಬಿ ಕಾಯುವ ನೋಟ. ಅಷ್ಟು ಅಗಲವಾದ ಕಣ್ಣುಗಳನ್ನು ಅವನು ಬೇರೆ ದಿನ ನೋಡಿದ್ದರೆ ವಾರವೆಲ್ಲ ಅದೇ ಗುಂಗಿನಲ್ಲಿ ಕಳೆಯುತ್ತಿದ್ದ.

ಅವನು ಬೀಗವನ್ನು ಪರೀಕ್ಷಿಸತೊಡಗಿದ.

"ತಪ್ಪಾಯ್ತು ಕಣ್ರವ್ವ," ಎಂದು ಅವಳೇ ಹೇಳಿ ಗಾಡಿ ತಿರುಗಿಸಿಕೊಂಡು ಹೋದಳು.

ಬಾಯಿತಪ್ಪಿ ಬಂದ ಮಾತಾಗಿದ್ದರೆ ತಿಮ್ಮರಾಜು ಅಲ್ಲೇ ಒಪ್ಪಿಕೊಳ್ಳುತ್ತಿದ್ದ. ಅದು ಬಾಯಿತಪ್ಪಿದ್ದಲ್ಲ, ಬೇಕೆಂದೇ ಹೇಳಿದ್ದು. ಪೆನ್‌ಡ್ರೈವಿಗೆ ಬರುವವಳು ಎರಡು ನಿಮಿಷ ನಿಂತು ಹೋಗುತ್ತಾಳೆ. ತಪ್ಪಾಗಿದೆ ಬನ್ನಿ ಎಂದು ಫೋನು ಮಾಡಿದರೆ ಮತ್ತೆ ಬರುತ್ತಾಳೆ, ಎರಡನೇ ಸಲ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾಳೆ, "ಏನ್ ಸಾರ್, ಇಷ್ಟು ಓದಿರೋರಿಗೆ ವಾರದ ಹೆಸ್ರು ಬರಲ್ವಾ?" ಎಂದು ನಗುತ್ತಾಳೆ. ಆ ನಗುವಿಗಾಗಿ ಅವನು ಎಷ್ಟೋ ವಾರ ಕಥೆಯ ಹೊತ್ತನ್ನು ಹಿಂದೆ ಮುಂದೆ ಮಾಡಿದ್ದ.

ಈ ಸಲ ಶಿಬಿರದ ದಿನವನ್ನೇ ತಪ್ಪು ಹೇಳಿ ಪೆನ್‌ಡ್ರೈವ್ ಕೊಟ್ಟ ಮೇಲೆ, ಮಂಗಳವಾರ ಅವಳ ಫೋನು ಸ್ವಿಚ್ ಆಫ್. ತಪ್ಪು ಊರೆಲ್ಲ ಸುತ್ತಿತು. ಬುಧವಾರ ಮುಂಜಾನೆ ಫೋನು ಸಿಗುತ್ತಿತ್ತು, ಆದರೆ ಯಾಕೆ ತಪ್ಪು ಹೇಳಿದಿರಿ ಎಂದು ಕೇಳಿಯಾಳೆಂದು ಹೆದರಿ, ಬಾಗಿಲ ಬೋರ್ಡಿನ ಮೇಲೆ ಸರಿಯಾದ ದಿನ ಬರೆದು ಸುಮ್ಮನಾದ. ತೋಟದ ಹಟ್ಟಿಗಳಿಗೆ ಬೋರ್ಡು ಕಾಣುತ್ತದೆಯೇ?

ಗುರುವಾರ ಮಧ್ಯಾಹ್ನ ಕಸದ ಗಾಡಿ ನಿಲ್ಲಿಸುವ ಶೆಡ್ಡಿಗೆ ಹೋದ. ಅವಳು ಗಾಡಿ ತೊಳೆಯುತ್ತಿದ್ದಳು.

"ಅದು ಬೇಕಂತ್ಲೇ ಹೇಳಿದ್ದು, ಪವಿತ್ರಾ ಅವ್ರೇ. ಪ್ರತಿ ಸಲಾನೂ."

ಪೈಪಿನ ನೀರು ಒಂದೇ ಕಡೆ ಬೀಳುತ್ತಿತ್ತು.

"ಯಾಕೆ?"

"ನೀವು ಇನ್ನೊಂದ್ಸಲ ಬರ್ಲಿ ಅಂತ."

ಅವಳ ಕಿವಿ ಕೆಂಪಾಯಿತು. ನಾಚಿಕೆಯೆಂದು ಅರ್ಧ ಕ್ಷಣ ಆಸೆಪಟ್ಟ. ಅಲ್ಲ.

"ನಾನು ಪೆದ್ದು, ನಿಮ್ಗೆ ಮರೆವು ಅಂದ್ಕಂಡು ನಗ್ತಿದ್ದೆ. ಭೂತಮ್ಮನ ಮೊಮ್ಮಗಳನ್ನ ಸ್ಕೂಲಿಗೆ ಸೇರಿಸ್ಬೇಕು ಸಾರ್. ನಿಮ್ ಇಷ್ಟಕ್ಕೆ ಅವ್ಳು ನಡೀಬೇಕಿತ್ತಾ? ನಾನು ಬೈಸ್ಕೋಬೇಕಿತ್ತಾ?"

"ಸೋಮವಾರ ಗ್ರಂಥಾಲಯಕ್ಕೆ ರಜೆ. ಅವರನ್ನೆಲ್ಲ ತಿಪಟೂರಿನ ಆಧಾರ್ ಕೇಂದ್ರಕ್ಕೆ ನಾನೇ ಕರ್ಕೊಂಡ್ ಹೋಗ್ತೀನಿ."

"ಮೊದ್ಲು ಊರಿಗೆ ಹೇಳಿ. ರೆಕಾರ್ಡಿಂಗ್ ಬ್ಯಾಡ. ಗಾಡೀಲಿ ಕೂತ್ಕಂಡು ಹೇಳಿ."

ಮರುದಿನ ಹಸಿಕಸ, ಒಣಕಸದ ಮುಂದೆ ಕೂತು ತಿಮ್ಮರಾಜು ಮೈಕು ಹಿಡಿದ. "ಶಿಬಿರದ ದಿನ ತಪ್ಪು ಹೇಳಿದ್ದು ನಾನು. ಪವಿತ್ರಾ ಅವರ ತಪ್ಪೇನೂ ಇಲ್ಲ." ಮೊದಲ ಬೀದಿಯಲ್ಲಿ ಅರ್ಧಕ್ಕೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದ. ಕೊನೆಯ ಹಟ್ಟಿಯಷ್ಟರಲ್ಲಿ ಮಾತು ಸಲೀಸಾಗಿತ್ತು, ಮುಖ ಆಗಿರಲಿಲ್ಲ. ಅವಳು ಇಡೀ ದಾರಿ ರಸ್ತೆಯನ್ನೇ ನೋಡುತ್ತಿದ್ದಳು.

ಭೂತಮ್ಮ ಬಕೆಟ್ಟು ಹಿಡಿದು ಅಡ್ಡ ನಿಂತಳು. "ಅಲ್ಲ ಮೇಷ್ಟ್ರೇ, ಇದ್ದ ವಾರ ಬುಟ್ಟು ಇಲ್ಲದ್ ವಾರ ಯಾಕ್ ಹೇಳ್ದೆ?"

ಅವನು ಮೈಕು ಆಫ್ ಮಾಡಿದ. ಕಣ್ಣು ಡ್ರೈವರ್ ಸೀಟಿನ ಕಡೆ ಹೊರಳಿತು. ಭೂತಮ್ಮನಿಗೆ ಅಷ್ಟು ಸಾಕಾಯಿತು.

"ಅಯ್ಯೋ ನಿನ್ನ! ನೋಡ್ಬೇಕಂತಿದ್ರೆ ಅವಳನ್ನ ನೋಡಪ್ಪ. ನಮ್ಮನ್ಯಾಕೆ ನಡೆಸ್ದೆ?"

ಪವಿತ್ರಾ ಸ್ಟಿಯರಿಂಗ್ ಮೇಲೆ ಬಗ್ಗಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ಎಂದು ತಿಮ್ಮರಾಜು ಅವಳ ಕಡೆ ಬಾಗಿದ. ಅವಳು ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು, ಆದರೆ ನಕ್ಕು ಬಂದದ್ದು. ಗಾಡಿ ಹೊರಡಿಸಿದಳು.

ತೆಂಗಿನ ಸಾಲು ಹಿಂದಾಯಿತು.

"ಕೋಪ ಹೋಗಿಲ್ಲ," ಎಂದಳು.

"ಹೋಗ್ಬಾರ್ದು."

"ಸೋಮವಾರ ನಾನೂ ರಜೆ ಹಾಕ್ತೀನಿ. ತಿಪಟೂರಿಗೆ ಬತ್ತೀನಿ, ಭೂತಮ್ಮಂಗೆ ಜೊತೆಯಾಯ್ತದೆ."

"ಭೂತಮ್ಮಂಗಾ?"

ಪವಿತ್ರಾ ಗೇರು ಬದಲಿಸಿದಳು. ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಹೋಗೋವಾಗ ಅವ್ಳಿಗೆ. ಬರೋವಾಗ ಬೇಕಾದ್ರೆ ನಿಮ್ಗೆ."