ಎದೆಯ ಎತ್ತರ

ಅವರ ಮುಖ ನೋಡುವ ಮೊದಲೇ ನಾನು ಅವರ ಅಳತೆ ಟೇಪಿಗೆ ಸಿಕ್ಕಿಬಿದ್ದಿದ್ದೆ.

ಬೆಳಿಗ್ಗೆ ಎಂಟೂವರೆ. ಬುಡದ ಹತ್ತಿರ ಹೊಟ್ಟೆ ಬಿಟ್ಟಿದ್ದಕ್ಕೆ ಡೊಳ್ಳು ಮರ ಅಂತ ಹೆಸರಾದ ನಮ್ಮ ಬೀದಿಯ ಮರಕ್ಕೆ ಒರಗಿ ಬಸ್ಸಿಗೆ ಕಾಯುತ್ತಾ, ನಗರಸಭೆಯ ಬಜೆಟ್ ಹಾಳೆಗಳಲ್ಲಿ ಟೈಪಿಂಗ್ ತಪ್ಪು ಹುಡುಕುತ್ತಿದ್ದೆ. ತಣ್ಣಗಿನ ಪಟ್ಟಿಯೊಂದು ನನ್ನ ಭುಜದ ಮೇಲೆ ಹಾದು, ನನ್ನನ್ನೂ ಹಾಳೆಗಳನ್ನೂ ಮರಕ್ಕೆ ಸೇರಿಸಿ ಬಿಗಿಯಿತು.

"ಎರಡು ಮೀಟರ್ ಮೂವತ್ತೊಂದು!" ಮರದ ಆ ಕಡೆಯಿಂದ ಗಂಡಸಿನ ದನಿ. "ಛೆ, ಇಷ್ಟು ದಪ್ಪ ಇರೋಕೆ ಸಾಧ್ಯಾನೇ ಇಲ್ವಲ್ಲ."

"ಅದ್ರಲ್ಲಿ ನಾನೂ ಸೇರಿದೀನಿ. ಮೊದಲು ಬಿಡ್ರೀ."

ಮರದ ಪಕ್ಕದಿಂದ ಒಂದು ತಲೆ ಇಣುಕಿತು. ಎಷ್ಟು ಎತ್ತರದಲ್ಲಿ ಅಂದರೆ, ನಾನು ಆ ತಲೆಯನ್ನು ಮೊದಲು ಕೊಂಬೆಗಳ ಲೆಕ್ಕಕ್ಕೆ ಸೇರಿಸಿದ್ದೆ. ಕಣ್ಣಲ್ಲಿ ಗಾಬರಿ, ತುಟಿಯ ಒಂದು ಮೂಲೆಯಲ್ಲಿ ಮಾತ್ರ ಬೇಡವೆಂದರೂ ನಿಲ್ಲದ ನಗು.

"ಸಾರಿ ಮೇಡಂ. ನೀವಿದ್ದದ್ದು ಕಾಣಿಸಲೇ ಇಲ್ಲ."

"ಗಿಡ್ಡಕ್ಕಿದೀನಿ ಅಂತ ಹೇಳೋಕೆ ಇಷ್ಟು ಉದ್ದದ ಟೇಪ್ ಬೇಕಿತ್ತಾ?"

ಅವರು ಕಿವಿಯವರೆಗೂ ಕೆಂಪಾದರು. ನನಗೆ ಬಸ್ಸು ತಪ್ಪಿತು. ತಪ್ಪಿದ್ದಕ್ಕೆ ಬೇಸರವೇನೂ ಆಗಲಿಲ್ಲ.

ನಗರಸಭೆಗೆ ಹೊಸದಾಗಿ ಗುತ್ತಿಗೆ ಮೇಲೆ ಬಂದ ಮರದ ಅಧಿಕಾರಿ ಅವರು. ಎರಡೇ ದಿನದಲ್ಲಿ ಆಫೀಸು ಅವರಿಗೆ 'ಏಣಿ ಸಾಹೇಬರು' ಅಂತ ಹೆಸರಿಟ್ಟಿತು. ನಾನು ಅಲ್ಲಿ ನಡಾವಳಿ ಗುಮಾಸ್ತೆ. ಸಭೆಯಲ್ಲಿ ಯಾರು ಏನು ಹೇಳಿದರೆಂದು ಬರೆದುಕೊಂಡು ಕೊನೆಯಲ್ಲಿ ಓದಿ ಹೇಳುವುದು ನನ್ನ ಕೆಲಸ. ಎಲ್ಲರ ಮಾತೂ ನನ್ನ ಪುಸ್ತಕದಲ್ಲಿರುತ್ತದೆ, ನನ್ನದೊಂದು ಬಿಟ್ಟು. ಗುಮಾಸ್ತೆ ಸಭೆಯಲ್ಲಿ ಬಾಯಿ ಬಿಡುವಂತಿಲ್ಲ.

ಮನೆಯಲ್ಲೂ ಅಷ್ಟೇ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನ ಮನೆಯೇ ನನ್ನ ಮನೆ. ಭಾವ ನಗರಸಭೆ ಸದಸ್ಯರು, ಯೋಜನಾ ಸಮಿತಿಯ ಮುಖ್ಯಸ್ಥರು. ನನ್ನನ್ನು ಓದಿಸಿದ್ದು ಅವರು, ಕೆಲಸ ಕೊಡಿಸಿದ್ದು ಅವರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದನ್ನು ಎತ್ತಿ ಆಡಿದವರಲ್ಲ. ಎತ್ತಿ ಆಡಿದ್ದರೆ ಜಗಳವಾಡಬಹುದಿತ್ತು. ನನ್ನ ಕೋಣೆಯಿಂದ ಹೊರಗೆ ಹೋಗಬೇಕಾದರೆ ಭಾವನ ಆಫೀಸು ಕೋಣೆಯನ್ನು ಹಾದೇ ಹೋಗಬೇಕು. ಅವರು ಪೇಪರಿನಿಂದ ತಲೆ ಎತ್ತದೆ "ಎಲ್ಲಿಗೆ ಪುಟ್ಟಿ?" ಅನ್ನುತ್ತಾರೆ. ನಾನು ಹೇಳುತ್ತೇನೆ. ಅಷ್ಟೇ. ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ, ಹೋಗುವ ಆಸೆಯೇ ಎಷ್ಟೋ ಸಲ ಸತ್ತಿದೆ.

ಆ ವರ್ಷ ಭಾವ ನಮ್ಮ ಬೀದಿಯನ್ನು ವಸತಿ ವಲಯದಿಂದ ವಾಣಿಜ್ಯ ವಲಯಕ್ಕೆ ಬದಲಿಸಲು ಹೊರಟಿದ್ದರು. ಮನೆಗಳು ಹೋಗಿ ಅಂಗಡಿಗಳು ಬರುತ್ತವೆ, ಅಂಗಡಿಗಳಿಂದ ಶುಲ್ಕ ಬರುತ್ತದೆ. ಖಜಾನೆ ಖಾಲಿಯಾಗಿದ್ದರಿಂದ ಲೆಕ್ಕಾಧಿಕಾರಿ ಆ ಶುಲ್ಕವನ್ನು ಬಜೆಟ್ಟಿನಲ್ಲಿ ಆಗಲೇ ಆದಾಯವೆಂದು ಬರೆದು, ಬೀದಿ ಗುಡಿಸುವವರ ಸಂಬಳಕ್ಕೆ ಹಂಚಿಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅಡ್ಡ ನಿಂತಿದ್ದು ಡೊಳ್ಳು ಮರ ಒಂದೇ. ಸುತ್ತಳತೆ ಎರಡು ಮೀಟರ್ ದಾಟಿದರೆ ಮರ ರಕ್ಷಿತ, ರಕ್ಷಿತ ಮರವಿರುವ ಬೀದಿಯ ವಲಯ ಬದಲಿಸುವಂತಿಲ್ಲ.

ನನ್ನನ್ನು ಕಳೆದು ಅಳೆದಾಗ ಅದರ ಸುತ್ತಳತೆ ಒಂದು ಮೀಟರ್ ತೊಂಬತ್ತಾರು.

"ನಾಲ್ಕು ಸೆಂಟಿಮೀಟರ್," ಅಂದರು ಏಣಿ ಸಾಹೇಬರು, ವರದಿ ಟೈಪಿಗೆ ಕೊಡುತ್ತಾ. "ಇನ್ನೆರಡು ವರ್ಷ ಬಿಟ್ಟಿದ್ರೆ ಅದೇ ಬೆಳೀತಿತ್ತು. ಅಳತೆ ಅಳತೇನೇ, ಏನ್ಮಾಡೋದು."

ನನ್ನ ಮೇಜು ಎರಡು ಕಪಾಟುಗಳ ನಡುವೆ. ಕಿಟಕಿಯಿದೆ, ಆದರೆ ಯಾರೋ ಪುಣ್ಯಾತ್ಮರು ಮುಚ್ಚಿದ ಕದದ ಮೇಲೆಯೇ ಬಣ್ಣ ಬಳಿದು ಅದು ತೆರೆಯದ ಹಾಗೆ ಮಾಡಿದ್ದಾರೆ. ಅವರು ದಿನಾ ಹನ್ನೊಂದಕ್ಕೆ ಆ ಸಂದಿಯಲ್ಲಿ ಬಂದು ನಿಲ್ಲತೊಡಗಿದರು. ಒಂದು ದಿನ ಕಾಗುಣಿತ ಕೇಳಲು, ಒಂದು ದಿನ ಪಿನ್ನಿಗೆ. ಮೂರನೇ ವಾರಕ್ಕೆ ನೆಪಗಳು ಮುಗಿದವು.

"ಇವತ್ತು ಏನು ಬೇಕಿತ್ತು?" ಅಂದೆ.

"ಇವತ್ತು... ಏನೂ ನೆನಪಾಗ್ಲಿಲ್ಲ. ಹಾಗೇ ಬಂದೆ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ನನ್ನ ಮುಖ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಮಾತಿಗೆ ಏನಾದರೂ ಬೇಕಿತ್ತಲ್ಲ, ಮುಂದಿದ್ದ ಹಳೆಯ ನಿಯಮ ಪುಸ್ತಕವನ್ನೇ ಗಟ್ಟಿಯಾಗಿ ಓದತೊಡಗಿದೆ: "ಮರದ ಸುತ್ತಳತೆಯನ್ನು ವಯಸ್ಕ ವ್ಯಕ್ತಿಯ ಎದೆಯ ಎತ್ತರದಲ್ಲಿ ಅಳೆಯತಕ್ಕದ್ದು. ಅನುಮಾನವಿದ್ದಲ್ಲಿ ಮರದ ಪರವಾಗಿ ತೀರ್ಮಾನಿಸತಕ್ಕದ್ದು..."

ಓದುವುದನ್ನು ನಿಲ್ಲಿಸಿದೆ.

"ಯಾರ ಎದೆ?" ಅಂದೆ.

"ಅಂದ್ರೆ?"

"ಎಷ್ಟು ಎತ್ತರ ಅಂತ ಅಂಕಿ ಬರೆದಿಲ್ಲ, ನೋಡಿ. ವಯಸ್ಕ ವ್ಯಕ್ತಿ ಅಂತಷ್ಟೇ ಇದೆ. ನೀವು ನಿಮ್ಮ ಎದೆಗೆ ಅಳೆದ್ರಿ. ಆ ಮರದ ಹೊಟ್ಟೆ ಇರೋದು ಕೆಳಗೆ."

ಬೇರೆಲ್ಲ ಊರಿನ ನಿಯಮದಲ್ಲೂ ಅಂಕಿ ಇರುತ್ತದಂತೆ. ನಮ್ಮಲ್ಲಿ ಮಾತ್ರ ಬರೆದವರು ಮರೆತಿದ್ದರು, ಓದಿದವರು ಗಮನಿಸಿರಲಿಲ್ಲ. ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಮೇಡಂ, ನೀವು ವಯಸ್ಕರು ತಾನೆ?"

"ಇಪ್ಪತ್ತೊಂಬತ್ತು. ಇದನ್ನೂ ವರದಿಯಲ್ಲಿ ಬರೀತೀರಾ?"

ಮಧ್ಯಾಹ್ನದ ಬಿಡುವಿನಲ್ಲಿ ಹೋದೆವು. ನಾನು ಮರದ ಪಕ್ಕ ನೆಟ್ಟಗೆ ನಿಂತೆ. ಅವರು ಸೀಮೆಸುಣ್ಣ ಹಿಡಿದು, ನನ್ನ ಎದೆಯ ನೇರಕ್ಕೆ ತೊಗಟೆಯ ಮೇಲೆ ಗುರುತು ಹಾಕಬೇಕಿತ್ತು. ಹಾಕಲು ನೋಡಬೇಕಲ್ಲ. ಒಮ್ಮೆ ನೋಡಿದರು, ತಕ್ಷಣ ಆಕಾಶ ನೋಡಿದರು, ಮತ್ತೆ ತಮ್ಮ ಬೂಟು ನೋಡಿದರು.

"ಹೀಗೆ ಆದ್ರೆ ಮರ ಬೆಳೆದುಬಿಡುತ್ತೆ," ಅಂದೆ. "ಕೊಡಿ ಇಲ್ಲಿ." ಸೀಮೆಸುಣ್ಣ ಕಿತ್ತುಕೊಂಡು ನಾನೇ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು.

ಎರಡು ಮೀಟರ್ ಮೂರು.

ಅವರು ಆ ಅಂಕಿಯನ್ನು ಮೂರು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿದ್ದು ಮರದ ಅಧಿಕಾರಿ ಅಲ್ಲ. ಆ ನೋಟ ಎಷ್ಟು ಹೊತ್ತಿತ್ತೋ, ಅಷ್ಟು ಹೊತ್ತು ನಾನು ಯಾರ ಕೋಣೆಯನ್ನೂ ಹಾದುಹೋಗಬೇಕಿರಲಿಲ್ಲ.

ಎರಡೂ ಅಳತೆ ವರದಿಗೆ ಸೇರಿದವು. ಎರಡನೆಯದರ ಎದುರು, 'ವಯಸ್ಕ ವ್ಯಕ್ತಿ: ನಡಾವಳಿ ಗುಮಾಸ್ತೆ.'

ಸಭೆಗೆ ಎರಡು ದಿನ ಮೊದಲು ಭಾವ ಪೇಪರಿನಿಂದ ತಲೆ ಎತ್ತಿದರು.

"ಪುಟ್ಟಿ, ಕೂತ್ಕೋ. ಸಂಬಳ ಸಿಗದೆ ಎಂಬತ್ತು ಜನ ಗುಡಿಸೋರು ನನ್ನ ಬಾಗಿಲಿಗೆ ಬರ್ತಾರೆ, ಆ ಏಣಿ ಮನೆಗಲ್ಲ. ಗೊತ್ತಾ?"

"ಗೊತ್ತು ಭಾವ."

"ಊರೆಲ್ಲ ನಿಮ್ಮಿಬ್ಬರ ಮಾತೇ ಆಡ್ತಿದೆ. ನಾನು ಕೂಗಾಡಲ್ಲ. ಸಭೇಲಿ ಅವನಿಗೆ ಒಂದೇ ಪ್ರಶ್ನೆ ಕೇಳ್ತೀನಿ, ನಿನಗೂ ಅವಳಿಗೂ ಏನು ಸಂಬಂಧ ಅಂತ. ಸಂಬಂಧ ಇದ್ರೆ ಅಳತೆ ರದ್ದು. ಅವನ ಗುತ್ತಿಗೆ ರಿನ್ಯೂ ಮಾಡೋ ಸಮಿತಿಗೂ ನಾನೇ ಮುಖ್ಯಸ್ಥ. ಉಂಡ ಮನೆಗೆ ಎರಡು ಬಗೀಬೇಡ, ಅಷ್ಟೇ ನಾನು ಹೇಳೋದು."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಪಾತ್ರೆ ಒರೆಸುತ್ತಾ ನಿಂತಿದ್ದಳು. ಆ ಮನೆಯಲ್ಲಿ ಅಕ್ಕ ಮಾತಾಡುವುದು ಕಣ್ಣಲ್ಲೇ. ಆ ದಿನ ಕಣ್ಣನ್ನೂ ಕೆಳಗಿಟ್ಟಿದ್ದಳು.

ಅತ್ತ ದರಿ, ಇತ್ತ ಪುಲಿ. ನಾವು ಒಬ್ಬರಿಗೊಬ್ಬರು ಏನೂ ಅಲ್ಲದಿದ್ದರೆ ಮರ ಉಳಿಯುತ್ತದೆ, ಅವರು ಈ ಊರಲ್ಲಿ ಉಳಿದರೂ ಉಳಿಯಬಹುದು. ಏನಾದರೂ ಆಗಿದ್ದರೆ ಎರಡೂ ಇಲ್ಲ.

ಮರುದಿನ ಹನ್ನೊಂದಕ್ಕೆ ಅವರು ಕಪಾಟಿನ ಸಂದಿಗೆ ಬಂದಾಗ ನಾನೇ ಮೊದಲು ಹೇಳಿದೆ.

"ನಾಳೆ ಕೇಳ್ತಾರೆ. ಏನೂ ಸಂಬಂಧ ಇಲ್ಲ ಅಂದುಬಿಡಿ."

"ಏನಾದ್ರೂ ಇದೆಯಾ?" ಅಂದರು ಮೆಲ್ಲಗೆ. ಅದು ಪ್ರಶ್ನೆಗಿಂತ ಹೆಚ್ಚಾಗಿ ಬೇಡಿಕೆಯಾಗಿತ್ತು.

"ಇಲ್ಲ."

"ನನ್ನ ನೋಡಿ ಹೇಳಿ."

ನೋಡಿದೆ. "ಇಲ್ಲ," ಅಂದೆ. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಸಣ್ಣ ಪದದಲ್ಲಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಅವರು ತಲೆಯಾಡಿಸಿ ಹೋದರು. ಪಿನ್ನನ್ನೂ ಕೇಳಲಿಲ್ಲ. ಆ ಮಧ್ಯಾಹ್ನವಿಡೀ ಒಂದೇ ಪುಟವನ್ನು ಐದು ಸಲ ಟೈಪು ಮಾಡಿದೆ.

ಸಭೆಯಲ್ಲಿ ನಮ್ಮ ಬೀದಿಯವರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತಿದ್ದರು, ಅಕ್ಕನೂ ಇದ್ದಳು. ಅಧ್ಯಕ್ಷರ ಕುರ್ಚಿಯಲ್ಲಿ ಟೀಚರಮ್ಮ. ನಿವೃತ್ತ ಶಾಲಾ ಶಿಕ್ಷಕಿ, ಕಾಲು ನೆಲಕ್ಕೆ ಎಟುಕದ್ದರಿಂದ ಕಡತದ ಕಟ್ಟೊಂದರ ಮೇಲೆ ಪಾದವಿಟ್ಟು ಕೂರುತ್ತಾರೆ.

ಭಾವ ಎದ್ದರು. "ಮರದ ಅಧಿಕಾರಿಗಳೇ, ಎರಡನೇ ಅಳತೆಗೆ ನಿಲ್ಲಿಸಿದ ವ್ಯಕ್ತಿಗೂ ನಿಮಗೂ ಏನು ಸಂಬಂಧ?"

ನಾನು ಪೆನ್ನು ಹಿಡಿದು ಬಗ್ಗಿದೆ. 'ಸಂಬಂಧವಿಲ್ಲ ಎಂದು ತಿಳಿಸಿದರು' ಎಂದು ಬರೆಯಲು ಆಗಲೇ 'ಸಂ' ಬರೆದಿದ್ದೆ.

"ನನ್ನ ಕಡೆಯಿಂದ ಪ್ರೀತಿ ಇದೆ," ಅಂದರು ಅವರು. "ಅವರ ಕಡೆಯಿಂದ ಏನೂ ಇಲ್ಲ. ನಿನ್ನೆ ಕೇಳಿದೆ, ಎರಡು ಸಲ ಇಲ್ಲ ಅಂದ್ರು."

ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಯಾರೋ "ಅಯ್ಯೋ ಪಾಪ" ಅಂದರು.

"ಇಲ್ಲ ಅಂದ್ರೆ ಮುಗೀತಿತ್ತಲ್ಲಪ್ಪ," ಅಂದರು ಟೀಚರಮ್ಮ.

"ಅಳತೇಲಿ ಸುಳ್ಳು ಹೇಳಬಾರ್ದು ಅಂತಲೇ ನನಗೆ ಸಂಬಳ ಕೊಡೋದು ಮೇಡಂ. ಇದೊಂದ್ರಲ್ಲಿ ಹೇಳಿದ್ರೆ ಮರದ ಅಳತೇನ ಯಾರು ನಂಬ್ತಾರೆ?"

ನನ್ನ ಅಕ್ಷರಗಳು ಹಾಳೆಯ ಮೇಲೆ ಕಲೆಸಿಹೋದವು. ಕಣ್ಣು ಒರೆಸಿಕೊಂಡು ಬರೆದೆ. ಕೆಲಸ ಅಂದಮೇಲೆ ಬರೆಯಲೇಬೇಕು.

"ಹಾಗಾದ್ರೆ ಎರಡನೇ ಅಳತೆ ರದ್ದು," ಅಂದರು ಭಾವ. ಅವರ ದನಿಯಲ್ಲಿ ಗೆದ್ದ ಹಮ್ಮಿರಲಿಲ್ಲ, ಸುಸ್ತಿತ್ತು.

"ರದ್ದು," ಟೀಚರಮ್ಮ ಒಪ್ಪಿದರು. ಕಡತದ ಕಟ್ಟಿನಿಂದ ಪಾದ ಇಳಿಸಿ ಎದ್ದರು. "ವಯಸ್ಕ ವ್ಯಕ್ತಿ ಅಂತ ತಾನೆ ನಿಯಮ? ಎಪ್ಪತ್ತೊಂದಾಯ್ತು ನನಗೆ, ಸಾಕಲ್ಲ. ನಡೀರಿ ಎಲ್ಲರೂ."

"ಮೇಡಂ, ನೀವು ತೀರಾ..." ಭಾವ ತಡವರಿಸಿದರು.

"ಬೇಕಂತ ಗಿಡ್ಡ ಆಗಿಲ್ಲಪ್ಪ ನಾನು."

ಸಭೆಗೆ ಸಭೆಯೇ ಬೀದಿಗೆ ಹೊರಟಿತು. ಏಣಿ ಸಾಹೇಬರು ಟೇಪು ಮುಟ್ಟುವಂತಿರಲಿಲ್ಲ. ಲೆಕ್ಕಾಧಿಕಾರಿ ಟೀಚರಮ್ಮನ ಎದೆಯ ನೇರಕ್ಕೆ ಟೇಪು ಹಿಡಿದು, ಏದುಸಿರು ಬಿಡುತ್ತಾ ಮರ ಸುತ್ತಿದರು. ಎರಡು ಮೀಟರ್ ಏಳು. ಆದಾಯದ ಕಾಲಮ್ಮು ಖಾಲಿಯಾಗಿದ್ದು ಅವರ ಮುಖದಲ್ಲೇ ಕಾಣಿಸಿತು.

ವಾಪಸು ಬಂದು ಕೂತ ಮೇಲೆ ಟೀಚರಮ್ಮ ಹೇಳಿದರು: "ಅನುಮಾನ ಬಂದಿದೆ, ಮರದ ಪರ ತೀರ್ಮಾನ. ಇನ್ನು ಗುಡಿಸೋರ ಸಂಬಳ. ಸದಸ್ಯರ ಕಾರು, ಭತ್ಯೆ ಈ ವರ್ಷ ನಿಲ್ಲಿಸೋಣ ಅಂತ ನಾನು ಸೂಚಿಸ್ತೀನಿ. ಅನುಮೋದಿಸೋರು?"

ಸೂಚಿಸುವವರ ಹಿಂದೆ ಅನುಮೋದಿಸುವ ಇನ್ನೊಬ್ಬರು ಇಲ್ಲದಿದ್ದರೆ ನಮ್ಮಲ್ಲಿ ಯಾವ ಮಾತೂ ನಿಲ್ಲುವುದಿಲ್ಲ, ಬಿದ್ದುಹೋಗುತ್ತದೆ. ಕಾರಿನ ವಿಷಯ ಬಂದರೆ ಎಲ್ಲರಿಗೂ ಗಂಟಲು ಕಟ್ಟುತ್ತದೆ. ಕೊನೆಗೆ ಕೈ ಎತ್ತಿದವರು ಭಾವ. ಎಂಬತ್ತು ಜನ ಬರುವುದು ಅವರ ಬಾಗಿಲಿಗೇ ತಾನೆ.

ನಾನು ಎದ್ದು ಆ ದಿನದ ನಡಾವಳಿ ಓದತೊಡಗಿದೆ. ಮೂರನೇ ವಿಷಯಕ್ಕೆ ಬಂದಾಗ ಪುಸ್ತಕದಿಂದ ತಲೆ ಎತ್ತಿದೆ. ಎದುರಿನ ಗೋಡೆಗೆ ಒರಗಿ, ತಲೆ ತಗ್ಗಿಸಿ ಏಣಿ ಸಾಹೇಬರು ನಿಂತಿದ್ದರು.

"ಮರದ ಅಧಿಕಾರಿಯವರು, ನಡಾವಳಿ ಗುಮಾಸ್ತೆಯ ಮೇಲೆ ತಮಗೆ ಪ್ರೀತಿ ಇದೆ ಎಂದು ಸಭೆಗೆ ತಿಳಿಸಿದರು. ಸೂಚಕರು, ಮರದ ಅಧಿಕಾರಿ." ಉಸಿರು ಎಳೆದುಕೊಂಡೆ. "ಅನುಮೋದಕರು, ನಡಾವಳಿ ಗುಮಾಸ್ತೆ."

ಅವರ ತಲೆ ಥಟ್ಟನೆ ಮೇಲೆದ್ದಿತು.

"ಪುಟ್ಟಿ!" ಭಾವ ಅರ್ಧ ಎದ್ದರು. "ಅದನ್ನ ಬರೆಯೋಕೆ ನಿನಗೆ ಯಾರು..."

"ಕೂತ್ಕೊಳ್ರೀ."

ಹಿಂದಿನ ಬೆಂಚಿನಿಂದ ಬಂದ ಆ ದನಿ ಯಾರದೆಂದು ನನಗೂ ಒಂದು ಕ್ಷಣ ತಿಳಿಯಲಿಲ್ಲ. ಹನ್ನೊಂದು ವರ್ಷದಲ್ಲಿ ಅಕ್ಕನ ಗಟ್ಟಿ ದನಿಯನ್ನು ನಾನು ಕೇಳಿರಲೇ ಇಲ್ಲ. ಭಾವನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವರು ಕೂತರು.

"ಆಕ್ಷೇಪಣೆ ಇದೆಯೇ?" ಟೀಚರಮ್ಮ ಮೂರು ಸಲ ಕೇಳಿದರು. ನಡಾವಳಿ ಅಂಗೀಕಾರವಾಯಿತು.

ಸಭಾಂಗಣ ಖಾಲಿಯಾಗುವಾಗ ಏಣಿ ಸಾಹೇಬರು ನನ್ನ ಮೇಜಿನ ಹತ್ತಿರ ಬಂದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಜೇಬಿಗೆ ತುರುಕಿದ್ದರು.

"ನನ್ನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತೆ. ನನಗೆ ಇನ್ನು ಇಲ್ಲಿ ಕೆಲಸ ಸಿಗಲ್ಲ."

"ನನಗೆ ಇನ್ನು ಆ ಮನೇಲಿ ಇರೋಕಾಗಲ್ಲ. ಬಾಡಿಗೆ ಕೋಣೆ ಹುಡುಕ್ಬೇಕು."

"ಇಷ್ಟೆಲ್ಲ ಗೊತ್ತಿದ್ದೂ..." ಅವರು ನನ್ನ ಪುಸ್ತಕದ ಕಡೆ ಬಗ್ಗಿದರು. "ನೀವು ಓದಿದ್ದು ನಿಜಾನಾ? ಇನ್ನೊಂದು ಸಲ ಹೇಳ್ತೀರಾ?"

"ನಡಾವಳೀಲಿ ಬರೆದಾಗಿದೆ," ಅಂದೆ, ಪುಸ್ತಕ ಮುಚ್ಚುತ್ತಾ. "ನಕಲು ಬೇಕಿದ್ರೆ ಅರ್ಜಿ ಹಾಕಿ."

ಅವರು ಅಲ್ಲೇ ನನ್ನ ಮೇಜಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡು, ಬಗ್ಗಿ ಬರೆಯತೊಡಗಿದರು.