ಚಕ್ರದ ಮುಂದಿನ ನಿಂಬೆಹಣ್ಣು

"ಇಲ್ಲಿಂದ ಹೊರಡುವ ಸಮಯವಾಯಿತು" ಎಂದು ಬಿಡಾರಗಾಡಿ ಮೆತ್ತಗೆ ಹೇಳಿತು. ಹೇಳಿದ್ದೇ ತಡ, ಚಂದ್ರತಾಲ್ ಸರೋವರದ ದಂಡೆಯಲ್ಲಿ ಹರಡಿಕೊಂಡಿದ್ದ ಗುಡಾರ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಗಾಡಿಯ ಬೆನ್ನೇರಿತು. ಒಲೆ ಆರಿತು. ಮೆಟ್ಟಿಲು ಒಳಗೆ ಸರಿಯಿತು. ನೀಲವ್ವನ ಲೋಟದಲ್ಲಿ ಇನ್ನೂ ಅರ್ಧ ಚಹಾ ಉಳಿದಿತ್ತು.

"ಬಂದು ನಾಕ ತಾಸ ಆಗಿಲ್ಲ! ಇದಕ್ಕೇನ ದೆವ್ವ ಬಡದೈತೇನು?" ಎಂದು ಆಕೆ ಬೈದದ್ದು ಗಾಡಿಗೆ. ಕಣ್ಣು ಕೆಕ್ಕರಿಸಿದ್ದು ಮಾತ್ರ ಗಂಡನ ಕಡೆಗೆ. ವಿರೂಪಾಕ್ಷಪ್ಪ ಎದ್ದು ಚಾಪೆ ಕೊಡವಿದ.

ಗಾಡಿಯ ಜೀವಾಳವೆಂದರೆ ಅದರೊಳಗಿನ ಚಡಪಡಿಕೆಮಾಪಕ. ಪ್ರವಾಸಕ್ಕೆ ಹೋದವರಲ್ಲಿ ಒಬ್ಬರಿಗೆ ಬೇಸರ ಬಂದರೂ ಉಳಿದವರ ಪ್ರವಾಸ ಕೆಟ್ಟಂತೆ. ಆದರೆ ಸಂಕೋಚಕ್ಕೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ತೊಂದರೆಗೆಂದೇ ಹುಟ್ಟಿದ ಯಂತ್ರ ಇದು. ಮಣಿಕಟ್ಟಿನ ಪಟ್ಟಿಯೊಂದು ನಾಡಿಯ ಬಡಿತ, ಉಸಿರಿನ ವೇಗ, ಕೈಬೆರಳುಗಳ ಮಿಡುಕಾಟ ಇಷ್ಟನ್ನೂ ಗಮನಿಸಿ ನೂರಕ್ಕೆ ಇಷ್ಟು ಎಂದು ಅಂಕಿ ಕೊಡುತ್ತಿತ್ತು. ಯಾರದಾದರೂ ಅಂಕಿ ಕಾಲು ಗಂಟೆ ಎಪ್ಪತ್ತರ ಮೇಲೆ ನಿಂತರೆ ಗಾಡಿ ಗಂಟುಮೂಟೆ ಕಟ್ಟಿ ಮುಂದಿನ ಕಣಿವೆಗೆ ಹೊರಡುತ್ತಿತ್ತು. ಯಾರ ಅಂಕಿ ಏರಿತೆಂದು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಗಂಡ ಹೆಂಡತಿ ದಾರಿಯಲ್ಲೇ ಕಿತ್ತಾಡಿಯಾರೆಂದು ಅದನ್ನು ಕಂಡುಹಿಡಿದ ವಾರಿಜಾ ಮುಂದಾಲೋಚನೆ ಮಾಡಿದ್ದಳು. ಈಗ ಪರೀಕ್ಷಾ ಪ್ರವಾಸಕ್ಕೆಂದು ಆರಿಸಿಕೊಂಡ ಈ ದಂಪತಿಯನ್ನು ಕೂರಿಸಿಕೊಂಡು, ಹಿಂದಿನ ಸೀಟಿನಲ್ಲಿ ತಾನೂ ಬಂದಿದ್ದಳು.

ಏರುವುದು ಗಂಡನ ಅಂಕಿಯೇ ಎಂದು ನೀಲವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಸ್ಸುಗಳು ತಮ್ಮಷ್ಟಕ್ಕೆ ತಾವೇ ಓಡುವುದಕ್ಕೆ ಮೊದಲು, ಚಾಲಕರ ಕೊನೆಯ ತಂಡದಲ್ಲಿ ನಿವೃತ್ತನಾದವನು ವಿರೂಪಾಕ್ಷಪ್ಪ. ಮೂವತ್ತನಾಲ್ಕು ವರ್ಷ ಗದಗ–ಸೊಲ್ಲಾಪುರ ರೂಟು. ಮನೆಗೆ ಬಂದ, ಉಂಡ, ಹೋದ. ನಿವೃತ್ತಿಯಾದ ಮೇಲಾದರೂ ಮನೆಯಲ್ಲಿ ಕುಂಡಿ ಊರುತ್ತಾನೋ ಅಂದರೆ, ಬೆಳಿಗ್ಗೆ ಎಂಟಕ್ಕೆ ಊಟದ ಡಬ್ಬಿ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ ಸಂಜೆಯವರೆಗೆ ಕೂರುತ್ತಿದ್ದ! ಕಾಲಿಗೆ ಚಕ್ರ ಕಟ್ಟಿಕೊಂಡ ಗಂಡಸಿನ ಜೊತೆ ಇನ್ನು ಸಾಕೆಂದು ನೀಲವ್ವ ನರಗುಂದದ ತಂಗಿಗೆ ಫೋನು ಮಾಡಿದ್ದಳು. ತಂಗಿ ಜೋಳದ ಚೀಲಗಳನ್ನು ಪಡಸಾಲೆಗೆ ಹಾಕಿ ಅಕ್ಕನಿಗೊಂದು ಖೋಲಿ ತೆರವು ಮಾಡಿಟ್ಟಿದ್ದಳು. ಇದು ವಿರೂಪಾಕ್ಷಪ್ಪನಿಗೆ ಗೊತ್ತಿರಲಿಲ್ಲ. ಈ ಪ್ರವಾಸದಲ್ಲಿ ಒಂದೇ ಒಂದು ದಿನ, ಒಂದೇ ಒಂದು ಸರೋವರದ ದಂಡೆಯಲ್ಲಿ, ಹೊತ್ತು ಹುಟ್ಟಿದಾಗಿನಿಂದ ಮುಳುಗುವತನಕ ಅವನು ತನ್ನ ಪಕ್ಕ ಕೂತರೆ ತಾನು ಹೋಗುವುದಿಲ್ಲ. ಇಲ್ಲದಿದ್ದರೆ ಊರಿಗೆ ಮರಳಿದ ದಿನವೇ ನರಗುಂದ. ಹೀಗೆಂದು ಆಕೆ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಳು.

ಹೊರಟ ದಿನ ಮನಾಲಿಯಲ್ಲಿ ಒಂದು ತಮಾಷೆಯಾಗಿತ್ತು. ಬಸ್ಸಿನ ಗಾಲಿಯ ಕೆಳಗಿಡಲೆಂದು ದಿನವೂ ಡಬ್ಬಿಯ ಜೊತೆ ಒಂದು ನಿಂಬೆಹಣ್ಣು ಕೊಟ್ಟು ಕಳಿಸಿದ ನೀಲವ್ವನ ಕೈ ಅದು, ಸುಮ್ಮನಿರುತ್ತದೆಯೇ? ಬಿಡಾರಗಾಡಿಯ ಮುಂದಿನ ಚಕ್ರಕ್ಕೂ ಒಂದನ್ನು ಇಟ್ಟಿತು. "ಚಕ್ರದ ಮುಂದೆ ವಸ್ತುವಿದೆ. ದಯವಿಟ್ಟು ತೆಗೆಯಿರಿ" ಎಂದು ಗಾಡಿ ಹಟ ಹಿಡಿದು ನಿಂತುಬಿಟ್ಟಿತು.

"ಕಪ್ಪೆಮರಿಯನ್ನೂ ತುಳಿಯಬಾರದು ಅಂತ ಅದಕ್ಕೆ ಕಲಿಸಿದ್ದೇವೆ, ಅಮ್ಮ" ಎಂದು ವಾರಿಜಾ ನಗುತ್ತಾ ಹೇಳಿದಳು.

"ನಿಂಬಿಹಣ್ಣ ತುಳೀಲಾರದ ಗಾಡಿ ಬೆಟ್ಟ ಹೆಂಗ ಹತ್ತೀತವಾ?" ಎಂದು ಗೊಣಗಿ ನೀಲವ್ವ ಹಣ್ಣನ್ನು ಚೀಲಕ್ಕೆ ಹಾಕಿಕೊಂಡಿದ್ದಳು.

ಗಾಡಿ ಬೆಟ್ಟವನ್ನೇನೋ ಹತ್ತಿತು. ಕುಂಜುಮ್ ಕಣಿವೆಮಾರ್ಗ ದಾಟಿ ಸ್ಪಿತಿಗೆ ಇಳಿಯಿತು. ನದಿಯ ದಂಡೆಯಲ್ಲಿ ಮೂರು ತಾಸು ನಿಂತಿತು. ಢಂಕರ್‌ನಲ್ಲಿ ಎರಡೇ ತಾಸು. ಬೋಳುಗುಡ್ಡಗಳು ಕೆಂಪಾಗಿ, ಹಳದಿಯಾಗಿ, ನೇರಳೆಯಾಗಿ ಕಿಟಕಿಯಲ್ಲಿ ಹಾದುಹೋದವು; ನೀಲವ್ವ ಒಂದನ್ನೂ ನೆಟ್ಟಗೆ ನೋಡಲಿಲ್ಲ. ನಿಂತಲ್ಲೆಲ್ಲ ಆಕೆಯ ಕಣ್ಣು ಗಂಡನ ಮೇಲೆ. ಈಗ ಎದ್ದಾನು, ಇನ್ನೇನು ಎದ್ದಾನು ಎಂದು ಕಾಯುವುದರಲ್ಲೇ ಹೊತ್ತು ಹೋಗುತ್ತಿತ್ತು.

ಕೊನೆಯದು ನಾಕೋ ಸರೋವರ. ಅಲ್ಲಿಂದ ಮುಂದೆ ಇಳಿಜಾರು, ಬಯಲು, ಮನೆ. ಬೆಳಿಗ್ಗೆಯೇ ತಲುಪಿದರು. ಪುಟ್ಟ ಸರೋವರ, ಸುತ್ತ ಪಾಪ್ಲರ್ ಮರಗಳು, ನೀರಿನಲ್ಲಿ ತಲೆಕೆಳಗಾದ ಹಿಮದ ಬೆಟ್ಟ. ವಿರೂಪಾಕ್ಷಪ್ಪ ಕಲ್ಲೊಂದಕ್ಕೆ ಒರಗಿ ಕಾಲು ಚಾಚಿದ. ಹನ್ನೊಂದು ಗಂಟೆಗೆ ಗಾಡಿ ಮತ್ತೆ ಅದೇ ರಾಗ ತೆಗೆಯಿತು: "ಇಲ್ಲಿಂದ ಹೊರಡುವ ಸಮಯವಾಯಿತು."

ನೀಲವ್ವನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ವಾರಿಜಾ! ಈ ಮನಷ್ಯಾನ ಅಂಕಿ ತೋರಸು. ಇವತ್ತ ಇದು ಇತ್ಯರ್ಥ ಆಗಬೇಕು!"

"ಅಮ್ಮ, ಅದನ್ನು ಹೇಳುವ ಹಾಗಿಲ್ಲ..."

"ಹೇಳಲಿಲ್ಲ ಅಂದ್ರ ಈ ಪಟ್ಟಿ ಕಿತ್ತು ನೀರಿಗೆ ಒಗೀತೀನಿ ನೋಡು!"

ವಾರಿಜಾ ಅಂಕಿಗಳು ಕಾಣುವ ತನ್ನ ಫಲಕವನ್ನು ತೆರೆದು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಅವರದ್ದು ಚಂದ್ರತಾಲ್‌ನಲ್ಲಿ ಹದಿನೆಂಟು. ಢಂಕರ್‌ನಲ್ಲಿ ಹನ್ನೆರಡು. ಇವತ್ತು ಒಂಬತ್ತು. ಗಾಡಿ ಪ್ರತಿ ಸಲ ಹೊರಟದ್ದು ನಿಮ್ಮ ಅಂಕಿ ನೋಡಿ, ಅಮ್ಮ."

"ಸುಳ್ಳು! ನಾ ಕುಂತ ಜಾಗಾ ಬಿಟ್ಟು ಎದ್ದಿಲ್ಲ!"

"ಕೂತಿದ್ದೀರಿ. ಆದರೆ ಹೇಗೆ ಕೂತಿದ್ದೀರಿ ನೋಡಿಕೊಳ್ಳಿ."

ನೀಲವ್ವ ತಲೆ ಬಗ್ಗಿಸಿ ನೋಡಿದಳು. ಕಾಲಲ್ಲಿ ಚಪ್ಪಲಿ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಮಡಿಲಲ್ಲಿ ಬಾಯಿ ಕಟ್ಟಿದ ಚೀಲ. ಅದರೊಳಗೆ ಬೆಳಿಗ್ಗೆ ಎಂಟಕ್ಕೇ ತುಂಬಿಟ್ಟ ಡಬ್ಬಿ. ತಾನದನ್ನು ತುಂಬಿದ್ದೇ ಆಕೆಗೆ ನೆನಪಿರಲಿಲ್ಲ. ಅವನು ಬಂದು ಕೂತ ಕೂಡಲೇ ಅವನ ಹೊರಡುವ ತಯಾರಿ ಮಾಡುತ್ತಾ ಮೂವತ್ತನಾಲ್ಕು ವರ್ಷ ಕಳೆದ ಜೀವ ಅದು.

"ನೀವ್ಯಾಕ ಮತ್ತ ದಿನಾ ಬಸ್ಟ್ಯಾಂಡಿಗೆ ಹೋಗತಿದ್ರಿ?" ಎಂದು ಗಂಡನನ್ನು ಕೇಳಿದಳು. ದನಿಯ ಬಿಸಿ ಇಳಿದಿತ್ತು.

"ನೀ ಡಬ್ಬಿ ಕಟ್ಟಿ ಕೈಯಾಗ ಕೊಡತಿದ್ದೆಲ್ಲ" ಎಂದ ವಿರೂಪಾಕ್ಷಪ್ಪ. "ನಾ ಮನ್ಯಾಗ ಇರೋದು ನಿನಗ ಬ್ಯಾಡಾಗೈತಿ ಅಂತ ತಿಳದೆ. ಅಲ್ಲಿ ಕುಂತು ಬಸ್ ಎಣಸೋದು ಅಂದ್ರ ನನಗೇನ ಚೆಂದ ಅನಸತಿತ್ತೇನು?"

ಅಯ್ಯೋ ಶಿವನೇ! ನೀಲವ್ವ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಗುಡಾರದ ಒಂದು ಮೂಲೆ ಮಡಚಿಕೊಳ್ಳತೊಡಗಿತು.

"ಪಟ್ಟಿ ಬಿಚ್ಚಿಬಿಡಿ, ಅಮ್ಮ. ಗಾಡಿ ನಿಲ್ಲುತ್ತೆ" ಎಂದಳು ವಾರಿಜಾ.

"ಇರಲಿ ಬಿಡು. ನಿನ್ನ ಯಂತ್ರ ಖರೇನ ಹೇಳೈತಿ, ಅದರ ಬಾಯಿ ಯಾಕ ಮುಚ್ಚಸಲಿ?" ಎಂದು ನೀಲವ್ವ ಚೀಲಕ್ಕೆ ಕೈ ಹಾಕಿ ನಿಂಬೆಹಣ್ಣೊಂದನ್ನು ತೆಗೆದಳು. ನೆಟ್ಟಗೆ ಹೋಗಿ ಮುಂದಿನ ಚಕ್ರಕ್ಕೆ ತಾಗಿಸಿ ಇಟ್ಟಳು.

"ಚಕ್ರದ ಮುಂದೆ ವಸ್ತುವಿದೆ. ದಯವಿಟ್ಟು ತೆಗೆಯಿರಿ" ಎಂದಿತು ಗಾಡಿ. ಯಾರೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗುಡಾರ ಮತ್ತೆ ಬಿಚ್ಚಿಕೊಂಡಿತು. ಏಳು ವರ್ಷ ಕೂತು ರೂಪಿಸಿದ ಮಾಪಕವನ್ನು ಸಂತೆಯ ನಿಂಬೆಹಣ್ಣು ಸೋಲಿಸಿದ್ದನ್ನು ವರದಿಯಲ್ಲಿ ಹೇಗೆ ಬರೆಯುವುದೋ ವಾರಿಜಾಳಿಗೆ ತಿಳಿಯಲಿಲ್ಲ. ಫಲಕ ಮುಚ್ಚಿ, ನೀರಿನ ಆಚೆ ದಂಡೆಗೆ ನಡೆದು ಹೋದಳು.

ನೀಲವ್ವ ಚಪ್ಪಲಿ ಬಿಟ್ಟು ಗಂಡನ ಪಕ್ಕ ಕೂತಳು. ಕೈ ಇನ್ನೂ ಚೀಲದ ದಾರವನ್ನು ತಡವುತ್ತಲೇ ಇತ್ತು. ವಿರೂಪಾಕ್ಷಪ್ಪ ಚೀಲವನ್ನು ಮೆಲ್ಲನೆ ಎಳೆದುಕೊಂಡು, ಡಬ್ಬಿ ತೆರೆದು, ರೊಟ್ಟಿ ಮುರಿದು ಅರ್ಧ ಆಕೆಯ ಕೈಗಿಟ್ಟ. "ಹೊತ್ತ ಮುಳಗೋತನಕ ಇಲ್ಲೇ ಇರೂಣು" ಎಂದ, ತಾನಾಗಿಯೇ.

ನೀಲವ್ವ ತುತ್ತು ನುಂಗಿ ಫೋನು ತೆಗೆದು ನರಗುಂದಕ್ಕೆ ಹಚ್ಚಿದಳು.

"ತಂಗೀ, ಆ ಜ್ವಾಳದ ಚೀಲ ತಿರುಗಿ ಖೋಲ್ಯಾಗ ಇಟ್ಕೋವಾ."

"ಯಾವ ಖೋಲಿ?" ಎಂದು ವಿರೂಪಾಕ್ಷಪ್ಪ ಕೇಳಿದ.

"ಏನಿಲ್ಲ. ನೀವು ಉಣ್ರಿ" ಎಂದಳು ನೀಲವ್ವ.