ತಿಮ್ಮವ್ವನ ಬೆಳ್ಳಕ್ಕಿ

"ಎಲ್ಲಾ ಫ್ಲಾಪಿಗೆ ಬಂದಾವೇನವ್ವ?" ಅಲ್ಲಾಭಕ್ಷ್ ಸರ್ ಕೇಳಿದರು.

"ಬಂದಾವ್ರಿ ಸರ್," ಎಂದಳು ಗ್ಯಾನಮ್ಮ. COPY ಎಂದು ಟೈಪ್ ಮಾಡಿದವಳು ಅವಳೇ. ಫೈಲುಗಳ ಹೆಸರು ಒಂದರ ಕೆಳಗೊಂದು ಓಡಿದ್ದನ್ನೂ ನೋಡಿದ್ದಳು.

ಸರ್ ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡರು. ಕಂಪ್ಯೂಟರಿಗೆ ವೈರಸ್ ಬಂದಿತ್ತು. ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕಿತ್ತು. ಇಡೀ ಹೈಸ್ಕೂಲಿಗೆ ಇದ್ದದ್ದು ಅದೊಂದೇ ಕಂಪ್ಯೂಟರ್. ಸಿಂಧನೂರಿನ ರೈಸ್ ಮಿಲ್ಲಿನವರೊಬ್ಬರು ಕೊಟ್ಟದ್ದು.

ಎಲ್ಲವೂ ಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು. ಸರ್ Y ಒತ್ತಿದರು.

ಮರುದಿನ ಫ್ಲಾಪಿಯಲ್ಲಿದ್ದುದನ್ನು ವಾಪಸ್ ಹಾಕಿದರು. ಒಳಗೆ ಏನೇನಿದೆ ಎಂದು ನೋಡಲು ಗ್ಯಾನಮ್ಮ DIR ಎಂದು ಟೈಪ್ ಮಾಡಿದಳು. ಟೈಮ್‌ಟೇಬಲ್ ಇತ್ತು. ಪರೀಕ್ಷೆಯ ಮಾರ್ಕ್ಸ್ ಇತ್ತು. ಗೆಳತಿ ತಿಮ್ಮವ್ವ ತನ್ನ ಫೈಲುಗಳನ್ನು ಇಟ್ಟಿದ್ದ ಡೈರೆಕ್ಟರಿ ಮಾತ್ರ ಇರಲಿಲ್ಲ.

"ಸರ್, ತಿಮ್ಮವ್ವಂದು ಕಾಣವಲ್ದುರಿ."

ಸರ್ ಬಗ್ಗಿ ನೋಡಿದರು. "ಬರೀ COPY ಅಂತ ಹೊಡದಿದ್ದೇನು?"

"ಹೌದ್ರಿ."

"COPY ಮ್ಯಾಲಿನ ಫೈಲಷ್ಟೇ ಒಯ್ತೈತಿ. ಡೈರೆಕ್ಟರಿ ಅಲ್ಲೇ ಬಿಟ್ಟು ಬರ್ತೈತಿ. XCOPY ಹಚ್ಚಿ ಕೊನಿಗೆ /S ಹಾಕಬೇಕಿತ್ತು." ಸರ್ ಕನ್ನಡಕ ತೆಗೆದು ಒರೆಸಿದರು. "ನಾನೂ ನೋಡಬೇಕಿತ್ತು ಬಿಡು."

"ತಿರುಗಿ ತರಾಕ ಬರಂಗಿಲ್ಲೇನ್ರಿ?"

"ಇಲ್ಲವ್ವ."

ಕಂಪ್ಯೂಟರ್ ಪೀರಿಯಡ್‌ನಲ್ಲಿ ತಿಮ್ಮವ್ವ, ಗ್ಯಾನಮ್ಮ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂರುತ್ತಿದ್ದರು. ತಿಮ್ಮವ್ವ ದಿನಾ ಬಳಗಾನೂರಿನಿಂದ ಬಸ್ಸಿಗೆ ಬರುತ್ತಿದ್ದಳು. ಕೀಬೋರ್ಡಿನ ಚುಕ್ಕಿ, ಗೆರೆಗಳನ್ನೇ ಒತ್ತಿ ಒತ್ತಿ ಪರದೆಯ ಮೇಲೆ ಬೆಳ್ಳಕ್ಕಿ ಮೂಡಿಸುತ್ತಿದ್ದಳು. ಗದ್ದೆಯಲ್ಲಿ ನಿಂತ ಬೆಳ್ಳಕ್ಕಿ, ಎಮ್ಮೆಯ ಮೇಲೆ ಕೂತ ಬೆಳ್ಳಕ್ಕಿ, ಕಾಲುವೆ ದಾಟಿ ಹಾರುವ ಬೆಳ್ಳಕ್ಕಿ. ಎಲ್ಲವನ್ನೂ ತನ್ನ ಹೆಸರಿನ ಡೈರೆಕ್ಟರಿಯಲ್ಲಿ ಇಟ್ಟಿದ್ದಳು.

ಆಮೇಲೆ ಅವಳಿಗೆ ತಮ್ಮ ಹುಟ್ಟಿದ. ಅವಳ ಅವ್ವ ಗದ್ದೆಗೆ ಸಸಿ ಹಚ್ಚಲು ಹೋದರೆ ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಿಮ್ಮವ್ವ ಶಾಲೆ ಬಿಟ್ಟಳು. ಹಾಜರಿಯಲ್ಲಿ ಅವಳ ಹೆಸರು ಕರೆಯುವುದೂ ನಿಂತಿತು.

"ನನ್ನವು ಅಲ್ಲೇ ಇರ್ಲಿ. ಯಾರೂ ಅಳಸದಂಗ ನೋಡ್ಕೋ," ಎಂದು ಹೋಗುವಾಗ ಹೇಳಿದ್ದಳು.

ಸರ್ ಹೊರಗೆ ಹೋದ ಮೇಲೆ ಗ್ಯಾನಮ್ಮ ಅದೇ ಹೆಸರಿನ ಹೊಸ ಡೈರೆಕ್ಟರಿ ಮಾಡಿದಳು. DIR ಕೊಟ್ಟಳು. TIMMAVVA ಎಂದು ಮೊದಲಿನಂತೆಯೇ ಕಾಣಿಸಿತು. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

ಶನಿವಾರ ಶಾಲೆ ಬಿಡುವ ಹೊತ್ತಿಗೆ ತಿಮ್ಮವ್ವ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬಗಲಲ್ಲಿ ಕೂಸು.

"ತಮ್ಮಗ ಜ್ವರ. ಅವ್ವ ಇಲ್ಲೇ ಬಾಜೂಕಿನ ದವಾಖಾನ್ಯಾಗ ಚೀಟಿ ಮಾಡ್ಸಾಕ ನಿಂತಾಳ," ಎಂದಳು. "ನನ್ನವು ಅದಾವಿಲ್ಲೋ, ನೋಡಿ ಹೋಗ್ತೀನಿ."

ಗ್ಯಾನಮ್ಮ DIR ಕೊಟ್ಟಳು. ತಿಮ್ಮವ್ವ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿದಳು. ಆ ಬೆರಳಿನ ಉಗುರ ಸಂದಿಯಲ್ಲಿ ಕೆಸರು ಒಣಗಿತ್ತು.

"ಐತಿ ನೋಡು," ಎಂದು ಕೂಸಿಗೆ ಹೇಳಿದಳು. "ಇದು ಅಕ್ಕನ ಹೆಸರು." ಅಷ್ಟು ಹೇಳಿ ಹೊರಡಲು ತಿರುಗಿದಳು. ಒಳಗೆ ತೆರೆದು ನೋಡುವ ಯೋಚನೆ ಅವಳಿಗೆ ಇರಲೇ ಇಲ್ಲ.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು.

"ತಿಮ್ಮವ್ವ, ಒಳಗೇನೂ ಇಲ್ಲ," ಎಂದಳು ಗ್ಯಾನಮ್ಮ. "ಕಾಪಿ ಮಾಡುವಾಗ ನಾ ತಪ್ಪು ಮಾಡಿದೆ. ಎಲ್ಲಾ ಹೋದವು. ಇದು ಬರೀ ಹೆಸರು. ನಾನ ಮಾಡಿಟ್ಟೀನಿ."

ತಿಮ್ಮವ್ವ ಮತ್ತೆ ಪರದೆಯ ಕಡೆ ತಿರುಗಿದಳು. ಕೂಸು ಅವಳ ಜಡೆ ಎಳೆಯುತ್ತಿತ್ತು.

"ಹಾರೋದೂ ಹೋತೇನು?"

"ಹ್ಞೂಂ."

ತಿಮ್ಮವ್ವ ಬೈಯಲಿಲ್ಲ. ಕೂಸನ್ನು ಗ್ಯಾನಮ್ಮನ ತೊಡೆಯ ಮೇಲೆ ಕೂರಿಸಿದಳು. ಕೂಸಿನ ಮೈ ಸುಡುತ್ತಿತ್ತು. ಇಷ್ಟು ಭಾರವನ್ನು ದಿನವಿಡೀ ಹೇಗೆ ಎತ್ತಿಕೊಳ್ಳುತ್ತಾಳೆ ಎಂದು ಗ್ಯಾನಮ್ಮನಿಗೆ ಅನಿಸಿತು.

ತಿಮ್ಮವ್ವ ಕುರ್ಚಿಯ ಅರ್ಧಕ್ಕೆ ಕೂತು ಒತ್ತತೊಡಗಿದಳು. ಮೊದಲು ಕೊಕ್ಕು ಬಂತು. ಆಮೇಲೆ ಉದ್ದನೆಯ ಕತ್ತು, ಬೆನ್ನು, ಮಡಿಸಿದ ರೆಕ್ಕೆ. ಬೆರಳುಗಳು ಮೊದಲಿನಷ್ಟು ಬೇಗ ಓಡುತ್ತಿರಲಿಲ್ಲ. ಎಲ್ಲಿ ಯಾವ ಗುಂಡಿ ಎಂದು ಹುಡುಕಬೇಕಾಗುತ್ತಿತ್ತು.

"ತಿಮ್ಮವ್ವಾ, ನಂಬರ್ ಬಂತು ಬಾ," ಎಂದು ಗೇಟಿನಿಂದ ಅವಳ ಅವ್ವ ಕೂಗಿದಳು.

ತಿಮ್ಮವ್ವ ಫೈಲನ್ನು ಸೇವ್ ಮಾಡಿ ಕೂಸನ್ನು ಎತ್ತಿಕೊಂಡಳು. ಬಾಗಿಲ ತನಕ ಹೋಗಿ ನಿಂತಳು.

"ಕಾಲು ಹಾಕಿಲ್ಲ ಇನ್ನ. ನೀ ಹಾಕಬ್ಯಾಡ."

"ಇಲ್ಲ. ನಾ ಮುಟ್ಟಂಗಿಲ್ಲ."

ಕಿಟಕಿಯಿಂದ ನೋಡಿದರೆ ಕೂಸು ಅವ್ವನ ಹೆಗಲಿಗೆ ದಾಟಿತ್ತು. ಹಿಂದೆ ತಿಮ್ಮವ್ವ ಬೇಗ ಬೇಗ ನಡೆಯುತ್ತಿದ್ದಳು. ಒಮ್ಮೆಯೂ ತಿರುಗಲಿಲ್ಲ.

ಕೋಣೆಗೆ ಬೀಗ ಹಾಕಲು ಸರ್ ಬಂದರು. ಪರದೆಯ ಮೇಲಿನ ಹಕ್ಕಿ ನೋಡಿ, "ಯಾರ್ದವ್ವ ಇದು? ಕಾಲಿಲ್ಲಲ್ಲ," ಎಂದರು.

"ನಮ್ಮ ಕ್ಲಾಸಿನ ತಿಮ್ಮವ್ವಂದ್ರಿ ಸರ್," ಎಂದಳು ಗ್ಯಾನಮ್ಮ. "ಇನ್ನ ಮಾಡಾಕತ್ತಾಳ."

ಸರ್ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಮತ್ತೊಂದು ಕುರ್ಚಿ ಎಳೆದುಕೊಂಡು ಆ ಹಕ್ಕಿಯ ಮುಂದೆ ಕೂತರು. ಜೇಬಿನ ಫ್ಲಾಪಿ ತೆಗೆದು ಒಳಗೆ ಹಾಕಿ, XCOPY ಎಂದು ಹೊಡೆದು ಕೊನೆಗೆ /S ಸೇರಿಸಿದರು.